ಮೂವತ್ತು ಜನರ ಕೋಣೆಯಲ್ಲಿ ಮೂವರು ಬಸುರಿಯರು

ಕೋಣೆಯ ಅಳತೆ ಸುಮಾರು 15 ಅಡಿ ಉದ್ದ, 12 ಅಡಿ ಅಗಲ. ಮುಂಬಯಿಯ ಒಂದು ಚಾಳಿನ ಎರಡನೇ ಮಹಡಿ. ನೆಲದ ಮೇಲೆ 6 ಒಲೆಗಳು. ಒಂದು ಒಲೆಗೆ ಒಂದು ಸಂಸಾರ. ಹಾಗಾಗಿ ಇಲ್ಲಿ 6 ಸಂಸಾರಗಳು ಬದುಕುತ್ತಿವೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ದೊಡ್ಡವರು ಚಿಕ್ಕವರು ಸೇರಿ ತಲೆ ಎಣಿಸಿದಾಗ 30 ಆಯಿತು. ಆ ಕೋಣೆಯ ಆರು ಹೆಂಗಸರಲ್ಲಿ ಮೂವರು ದಿನ ತುಂಬುತ್ತಿದ್ದ ಬಸುರಿಯರು. ಊರಿಗೆ ಹೋಗುವುದಿಲ್ಲ, ಇಲ್ಲೇ ಹೆರಿಗೆ ಎಂದರು ಮೂವರೂ. ಇಲ್ಲಿ ಮರೆ ಎಲ್ಲಿಂದ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಜೊತೆಗಿದ್ದ ನರ್ಸ್ ಒಂದು ಮೂಲೆ ತೋರಿಸಿದಳು. ಮೂರಡಿ ನಾಲ್ಕಡಿ ಜಾಗ. ಹೆರಿಗೆಯ ಹೊತ್ತಿಗೆ ಅದಕ್ಕೊಂದು ಪರದೆ ಕಟ್ಟುತ್ತಿದ್ದರು.

ಇದನ್ನು ನೋಡಿ ಬರೆದಿಟ್ಟವರು ಡಾ. ಬಾರ್ನ್ಸ್. ಗಿರಣಿಗಳಲ್ಲಿ ದುಡಿಯುವ ಹೆಂಗಸರ ಹೆರಿಗೆ-ಬಾಣಂತನದ ಸ್ಥಿತಿಗತಿ ತಿಳಿಯಲು ಮುಂಬಯಿ ಸರಕಾರ ನೇಮಿಸಿದ್ದ ವೈದ್ಯೆ. ಅವರ ವರದಿ 1922ರಲ್ಲಿ ಸರಕಾರದ 'ಲೇಬರ್ ಗೆಜೆಟ್'ನಲ್ಲಿ ಅಚ್ಚಾಯಿತು. ಮುಂಬಯಿ ಕಾರ್ಮಿಕರ ಬಗ್ಗೆ ಬರೆದವರಲ್ಲಿ ಅನೇಕರು ಈ ಕೋಣೆಯ ವಿವರವನ್ನು ಎತ್ತಿ ಹೇಳಿದ್ದಾರೆ. ಹೆಚ್ಚಾಗಿ ಎಲ್ಲರೂ ಹೇಳುವುದು 30 ಎಂಬ ಸಂಖ್ಯೆಯನ್ನು. ನನ್ನ ಗಮನ ನಿಂತದ್ದು ಅದರ ಮುಂದಿನ ಮಾತಿನ ಮೇಲೆ. ರಾತ್ರಿ ಹೊತ್ತು ಆರು ಒಲೆಗಳ ಹೊಗೆ ತುಂಬಿದ ಆ ಕೋಣೆಯ ಗಾಳಿ ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿ ಮಗು ಇಬ್ಬರನ್ನೂ ಕುಗ್ಗಿಸದೆ ಇರುವುದಿಲ್ಲ ಎಂಬ ಅರ್ಥದಲ್ಲಿ ಅವರು ಬರೆಯುತ್ತಾರೆ. ಇಂಥ ಕೋಣೆ ತಾನು ಕಂಡದ್ದು ಇದೊಂದೇ ಅಲ್ಲ ಎಂದೂ ಸೇರಿಸುತ್ತಾರೆ. ಗಿರಣಿಯ ಕೆಲಸವನ್ನು ಪರೀಕ್ಷಿಸಲು ಕಳಿಸಿದ್ದ ವೈದ್ಯೆ ಗಿರಣಿಯ ಹೊರಗೆ, ಬಸುರಿಯೊಬ್ಬಳು ರಾತ್ರಿ ಮಲಗುವ ಜಾಗದ ತನಕ ಹೋಗಿದ್ದಳು. ಅವಳ ನಂತರ ಬಂದ ಕಾನೂನು ಅಲ್ಲಿಯ ತನಕ ಹೋಗಲಿಲ್ಲ. ಈ ಬರಹ ಆ ಅಂತರದ ಕುರಿತು.

ವರದಿಯ ಹಿಂದೆ ದೂರದ ಒಂದು ಊರಿದೆ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಸಮ್ಮೇಳನ ನಡೆಯಿತು. ಅಲ್ಲಿ ಹೆಂಗಸರಿಗೆ ಸಂಬಂಧಿಸಿದ ಎರಡು ಒಪ್ಪಂದಗಳು ಆದವು: ಹೆರಿಗೆಯ ಹಿಂದೆ ಮುಂದೆ ರಜೆ ಮತ್ತು ಹಣ ಕೊಡಬೇಕೆಂಬುದು ಒಂದು, ಕಾರ್ಖಾನೆಗಳಲ್ಲಿ ಹೆಂಗಸರಿಂದ ರಾತ್ರಿ ಕೆಲಸ ಮಾಡಿಸಬಾರದೆಂಬುದು ಇನ್ನೊಂದು. ಭಾರತ ಸರಕಾರ ಎರಡನೆಯದನ್ನು 1921ರಲ್ಲಿ ಒಪ್ಪಿ ಸಹಿ ಹಾಕಿತು. ಮೊದಲನೆಯದಕ್ಕೆ, ನಮ್ಮ ದೇಶದ ಪರಿಸ್ಥಿತಿ ಬೇರೆ, ಮೊದಲು ಅಧ್ಯಯನ ಮಾಡಿ ವರದಿ ಕೊಡುತ್ತೇವೆ ಎಂದಾಯಿತು. ಹಾಗೆ ಹುಟ್ಟಿದ್ದು ಡಾ. ಬಾರ್ನ್ಸ್ ಅವರ ತಿರುಗಾಟ. ರಾತ್ರಿ ಕೆಲಸದ ನಿಷೇಧವನ್ನು ಒಪ್ಪುವುದು ಸುಲಭವಿತ್ತು, ಏಕೆಂದರೆ ಅದು ಬಹುಮಟ್ಟಿಗೆ ಆಗಲೇ ಜಾರಿಯಲ್ಲಿತ್ತು. 1891ರ ಫ್ಯಾಕ್ಟರಿ ಕಾಯಿದೆ ಹೆಂಗಸರ ಕೆಲಸವನ್ನು ದಿನಕ್ಕೆ 11 ಗಂಟೆಗೆ ಮಿತಿಗೊಳಿಸಿ, ರಾತ್ರಿ ಕೆಲಸಕ್ಕೆ ಕೆಲವು ವಿನಾಯಿತಿಗಳೊಂದಿಗೆ ಕಡಿವಾಣ ಹಾಕಿತ್ತು. 1911ರ ಕಾಯಿದೆ ಅದನ್ನು ಇನ್ನಷ್ಟು ಬಿಗಿ ಮಾಡಿತ್ತು. ಹೆರಿಗೆ ರಜೆಯ ಮಾತು ಬೇರೆ. ಅದಕ್ಕೆ ಯಾರಾದರೂ ದುಡ್ಡು ಕೊಡಬೇಕಿತ್ತು.

ಇಲ್ಲಿ ಸ್ವಲ್ಪ ನಿಂತು, ಬಸುರಿಯ ನಿದ್ದೆ ಕೆಟ್ಟರೆ ಹೊಟ್ಟೆಯೊಳಗಿನ ಮಗುವಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನೋಡಬೇಕು. ಡಾ. ಬಾರ್ನ್ಸ್ ಅವರಿಗೆ ಇದನ್ನು ಕೇಳಲು ಬೇಕಾದ ಪದಗಳೇ ಇರಲಿಲ್ಲ. ದೇಹಕ್ಕೆ ಬೇರೆ ಬೇರೆ ರೀತಿಯ ಪೆಟ್ಟು ಬಿದ್ದರೂ ದೇಹ ಅದಕ್ಕೆ ಒಂದೇ ಬಗೆಯಲ್ಲಿ ಎದ್ದು ನಿಲ್ಲುತ್ತದೆ ಎಂದು ಹಾನ್ಸ್ ಸೆಲ್ಯೆ ಬರೆದದ್ದು 1936ರಲ್ಲಿ. ನಾವಿಂದು ಬಾಯಿಮಾತಿನಲ್ಲಿ 'ಸ್ಟ್ರೆಸ್' ಎನ್ನುವುದು ಅಲ್ಲಿಂದ ಬಂದದ್ದು. ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಒಸರುವ ಕಾರ್ಟಿಸಾಲ್ ಎಂಬ ರಸವನ್ನು ಬೇರ್ಪಡಿಸಿದ್ದೂ ಆ ದಶಕದಲ್ಲೇ.

ಕಾರ್ಟಿಸಾಲ್‌ಗೆ ದಿನದ ಒಂದು ನಡೆ ಇದೆ. ಬೆಳಗ್ಗೆ ಏಳುವ ಹೊತ್ತಿಗೆ ಏರಿ, ಹಗಲೆಲ್ಲ ಇಳಿಯುತ್ತ, ರಾತ್ರಿಯ ಮೊದಲ ಭಾಗದಲ್ಲಿ ತಳ ಮುಟ್ಟುತ್ತದೆ. ನಿದ್ದೆಗೆಟ್ಟರೆ ಈ ಇಳಿತ ಕೆಡುತ್ತದೆ. 1999ರಲ್ಲಿ ಷಿಕಾಗೋದಲ್ಲಿ 11 ಯುವಕರನ್ನು ಆರು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದಾಗ, ಸಂಜೆ ಇಳಿದಿರಬೇಕಾದ ಕಾರ್ಟಿಸಾಲ್ ಏರಿಯೇ ಇತ್ತು; ರಕ್ತದ ಸಕ್ಕರೆಯನ್ನು ಸಂಭಾಳಿಸುವ ಶಕ್ತಿಯೂ ಕುಂದಿತ್ತು. ಅವರು ಗಟ್ಟಿಮುಟ್ಟಾದ ಗಂಡಸರು. ಬಸುರಿಯ ದೇಹದಲ್ಲಿ ಇದಕ್ಕೆ ಇನ್ನೊಂದು ಪಾತ್ರಧಾರಿ ಸೇರುತ್ತದೆ, ಮಾಸು. ತಾಯಿಯ ರಕ್ತದಲ್ಲಿರುವ ಕಾರ್ಟಿಸಾಲ್ ಮಗುವಿಗೆ ಹಾಗೇ ನುಗ್ಗದಂತೆ ಮಾಸಿನಲ್ಲಿರುವ ಒಂದು ಕಿಣ್ವ ಅದರ ಬಹುಭಾಗವನ್ನು ನಿಸ್ತೇಜ ಮಾಡುತ್ತದೆ. ಬಾಗಿಲಲ್ಲಿ ಕೂತ ಕಾವಲುಗಾರ ಎನ್ನಿ. ಆದರೆ ಎಲ್ಲವನ್ನೂ ತಡೆಯುವುದಿಲ್ಲ. ತಾಯಿಯ ಒತ್ತಡ ಬಹುಕಾಲ ಹೆಚ್ಚಿದ್ದರೆ ಕಾವಲು ಸಡಿಲವಾಗುವುದೂ ಉಂಟು. ಸಾಮಾನ್ಯವಾಗಿ ಕಾರ್ಟಿಸಾಲ್ ಹೆಚ್ಚಾದರೆ ಮಿದುಳು 'ಇನ್ನು ಸಾಕು' ಎಂದು ಕೈ ಬಿಗಿ ಹಿಡಿಯುತ್ತದೆ. ಮಾಸು ಇದಕ್ಕೆ ತಿರುಗುಮುರುಗು: ಕಾರ್ಟಿಸಾಲ್ ಹೆಚ್ಚಿದಷ್ಟೂ ಅದನ್ನು ಒಸರಿಸಲು ಪ್ರಚೋದಿಸುವ ರಾಸಾಯನಿಕವನ್ನು ಮಾಸು ತಾನೂ ಹೆಚ್ಚಿಗೆ ತಯಾರಿಸುತ್ತದೆ.

ನಿದ್ದೆಗೆ ನೇರವಾಗಿ ಸೇರಿದ ಮಾತು ಇನ್ನೊಂದಿದೆ. ಹೊಟ್ಟೆಯಲ್ಲಿರುವ ಮಗುವಿಗೆ ಹಗಲು ರಾತ್ರಿ ಗೊತ್ತಿಲ್ಲ. ಕತ್ತಲಾದಾಗ ತಾಯಿಯ ಮಿದುಳಿನಲ್ಲಿ ಒಸರುವ ಮೆಲಟೋನಿನ್ ಮಾಸನ್ನು ದಾಟಿ ಹೋಗಿ ಅದಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ತಾಯಿಯ ರಾತ್ರಿಯೇ ಮಗುವಿನ ರಾತ್ರಿ. ಹುಟ್ಟಿದ ಮೇಲೂ ಸ್ವಂತ ಗಡಿಯಾರ ನಿಲ್ಲಲು ಕೆಲವು ತಿಂಗಳು ಬೇಕು. ಎಳೆಗೂಸಿನ ಮನೆಯಲ್ಲಿ ನಿದ್ದೆಗೆಟ್ಟವರಿಗೆಲ್ಲ ಇದು ಗೊತ್ತು.

ಹಾಗಾದರೆ ಬಸುರಿಯ ನಿದ್ದೆಗೇಡು ಮಗುವಿನ ಒತ್ತಡದ ವ್ಯವಸ್ಥೆಯನ್ನು ಬದಲಿಸಿಬಿಡುತ್ತದೆಯೇ? ಇಲಿಗಳಲ್ಲಿ ಹೌದು ಎನ್ನುವ ಪ್ರಯೋಗಗಳಿವೆ. ಬ್ರೆಜಿಲ್‌ನಲ್ಲಿ ಗಬ್ಬದ ಇಲಿಗಳ ನಿದ್ದೆ ಕಡಿತಗೊಳಿಸಿ, ಅವುಗಳ ಮರಿಗಳು ಬೆಳೆದಾಗ ರಕ್ತದೊತ್ತಡ ಹೆಚ್ಚಿರುವುದನ್ನೂ ಮೂತ್ರಪಿಂಡದಲ್ಲಿ ದೋಷವಿರುವುದನ್ನೂ 2010ರಲ್ಲಿ ವರದಿ ಮಾಡಿದರು. ಮನುಷ್ಯರಲ್ಲಿ ಹಾಗೆ ಮಾಡಿ ನೋಡುವಂತಿಲ್ಲ. ಬದುಕು ತಾನಾಗಿ ಮಾಡಿದ್ದನ್ನು ನೋಡಬೇಕಷ್ಟೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳ ಬಳಿ ಇದ್ದ ಬಸುರಿಯರನ್ನೂ ಅವರ ಕೂಸುಗಳನ್ನೂ ರೇಚಲ್ ಯಹೂದಾ ಮತ್ತು ಜೊತೆಗಾರರು ಪರೀಕ್ಷಿಸಿದಾಗ, ಆಘಾತದಿಂದ ಹೊರಬರಲಾಗದ ತಾಯಂದಿರ ಕೂಸುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಕಡಿಮೆ ಇತ್ತು. ಹೆಚ್ಚಲ್ಲ, ಕಡಿಮೆ. ಕೊನೆಯ ಮೂರು ತಿಂಗಳಲ್ಲಿ ಆಘಾತಕ್ಕೆ ಒಳಗಾದವರ ಮಕ್ಕಳಲ್ಲಿ ಅದು ಇನ್ನೂ ಎದ್ದು ಕಾಣುತ್ತಿತ್ತು. ತಾಯಿಗೆ ಒತ್ತಡವಾದರೆ ಮಗುವಿಗೂ ಒತ್ತಡದ ರಸ ಹೆಚ್ಚು ಎಂಬ ಸರಳ ಸೂತ್ರ ಇಲ್ಲಿ ನಡೆಯುವುದಿಲ್ಲ. ವ್ಯವಸ್ಥೆ ತನ್ನ ಶ್ರುತಿಯನ್ನು ಬದಲಿಸಿಕೊಳ್ಳುತ್ತದೆ, ಏರಿಸಿಕೊಳ್ಳಬಹುದು, ಇಳಿಸಿಕೊಳ್ಳಬಹುದು.

ಈ ಕತೆಯ ಒಂದು ದೊಡ್ಡ ಕೊಂಡಿ ನಮ್ಮ ಮೈಸೂರಿನಲ್ಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡಿತ್ತು. ಹುಟ್ಟುವಾಗಿನ ಗಾತ್ರಕ್ಕೂ ಮುಂದಿನ ಹೃದಯರೋಗಕ್ಕೂ ನಂಟಿದೆ ಎಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ವಾದಿಸಿದಾಗ, ಅದನ್ನು ಭಾರತದಲ್ಲಿ ಪರೀಕ್ಷಿಸಲು ಸಾಧ್ಯವಾದದ್ದು ಈ ದಾಖಲೆಗಳಿಂದ. ಆಮೇಲೆ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರನ್ನು ಸೇರಿಸಿಕೊಂಡು 'ಪಾರ್ಥೆನಾನ್' ಎಂಬ ಅಧ್ಯಯನ ಶುರುವಾಯಿತು. ಆ ಮಕ್ಕಳಿಗೆ 13-14 ವರ್ಷವಾದಾಗ ಜಿ. ವಿ. ಕೃಷ್ಣವೇಣಿ ಮತ್ತು ಜೊತೆಗಾರರು 213 ಮಕ್ಕಳನ್ನು ಒಂದು ಪರೀಕ್ಷೆಗೆ ಕೂರಿಸಿದರು. ಅಪರಿಚಿತರ ಮುಂದೆ ನಿಂತು, ಅರ್ಧಕ್ಕೆ ನಿಲ್ಲಿಸಿದ ಕತೆಯೊಂದನ್ನು ಮುಂದುವರಿಸಬೇಕು, ಆಮೇಲೆ ಬಾಯಿಲೆಕ್ಕ ಮಾಡಬೇಕು. ನಮ್ಮ ಶಾಲೆಗಳಲ್ಲಿ ಓದಿದ ಯಾರಿಗೂ ಇದರ ಎದೆಬಡಿತ ಹೊಸದಲ್ಲ! ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ 26 ಮಕ್ಕಳಲ್ಲಿ ರಕ್ತದೊತ್ತಡ ಮತ್ತು ಹೃದಯ ತಳ್ಳುವ ರಕ್ತದ ಪ್ರಮಾಣ ಉಳಿದ ಮಕ್ಕಳಿಗಿಂತ ಹೆಚ್ಚು ಜಿಗಿದವು. ಕಾರ್ಟಿಸಾಲ್‌ನಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ನಿದ್ದೆಗೂ ಇದಕ್ಕೂ ಏನು ಸಂಬಂಧ? ನಿದ್ದೆ ತೀರಾ ಕಡಿಮೆ ಇರುವ ಬಸುರಿಯರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಆ ಕಾಯಿಲೆ ಇದ್ದ ತಾಯಂದಿರ ಮಕ್ಕಳ ದೇಹ ಹೆದರಿಕೆಗೆ ಹೆಚ್ಚು ಜಿಗಿಯುತ್ತದೆ ಎಂದು ಮೈಸೂರು ತೋರಿಸಿತು. ನಿದ್ದೆಯಿಂದ ಸಕ್ಕರೆ, ಸಕ್ಕರೆಯಿಂದ ಮಗುವಿನ ಎದೆಬಡಿತ: ಸರಪಳಿಯ ಕೊಂಡಿಗಳು ಬೇರೆ ಬೇರೆ ಕೈಗಳಲ್ಲಿವೆ. ಸರಪಳಿ ಪೂರ್ತಿ ಒಂದೇ ಕಡೆ ಕಂಡಂತೆ ಮಾತನಾಡುವವರನ್ನು ನಾನು ನಂಬುವುದಿಲ್ಲ. ಅದೇ ಹೊತ್ತಿಗೆ, ಸರಪಳಿ ಕೂಡಿಬರುವ ತನಕ ಬಸುರಿಯ ನಿದ್ದೆಯ ಮಾತನ್ನೇ ಎತ್ತಬಾರದು ಎನ್ನುವುದೂ ಸರಿಯಲ್ಲ. 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೊಚ್ಚಲ ಬಸುರಿಯರನ್ನು ನೋಡಿದವರಿಗೆ, ಕೊನೆಯ ತಿಂಗಳಲ್ಲಿ ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗಿದವರ ಹೆರಿಗೆ ನೋವು ಹೆಚ್ಚು ಹೊತ್ತು ನಡೆದದ್ದೂ, ಸಿಸೇರಿಯನ್ ಆಗುವ ಸಾಧ್ಯತೆ ನಾಲ್ಕೂವರೆ ಪಟ್ಟು ಹೆಚ್ಚಿದ್ದದ್ದೂ ಕಂಡಿತು. ಮಗುವಿನ ಮುಂದಿನ ಬದುಕಿನ ಮಾತಿರಲಿ, ತಾಯಿಯ ಹೆರಿಗೆಗೇ ನಿದ್ದೆ ಬೇಕು.

ಹಳೆಯ ವೈದ್ಯರಿಗೆ ಇದರ ಒಂದು ಅರಿವು ಇತ್ತು. ಬಸುರಿ ಬಿಡಬೇಕಾದವುಗಳ ಪಟ್ಟಿಯಲ್ಲಿ ಸುಶ್ರುತ ಹಗಲುನಿದ್ದೆಯ ಜೊತೆಗೇ ರಾತ್ರಿಯ ಜಾಗರಣೆಯನ್ನೂ, ಶೋಕವನ್ನೂ, ಭಯವನ್ನೂ ಇಟ್ಟಿದ್ದಾನೆ. ಚರಕ ಇನ್ನೊಂದು ತುದಿಗೆ ಹೋಗಿ, ಸದಾ ಮಲಗಿರುವ ಬಸುರಿಗೆ ತೂಕಡಿಸುವ ಮಂದಬುದ್ಧಿಯ ಮಗು ಹುಟ್ಟುತ್ತದೆ ಎನ್ನುತ್ತಾನೆ. ಎರಡರಲ್ಲೂ ನಿದ್ದೆ ಎಂಬುದು ಬಸುರಿಯ ಕೈಯಲ್ಲಿರುವ ವಿಷಯ. ಅವಳು ಮನಸ್ಸು ಮಾಡಿದರೆ ಆಯಿತು. ಇಂದಿನ ಆರೋಗ್ಯ ಅಂಕಣಗಳೂ ಇದೇ ಧಾಟಿಯಲ್ಲಿ, ಮಲಗುವ ಮುನ್ನ ಮೊಬೈಲ್ ಬದಿಗಿಡಿ, ಎಡಮಗ್ಗುಲಾಗಿ ಮಲಗಿ ಎಂದು ಉಪದೇಶಿಸುತ್ತವೆ. ಮಗ್ಗುಲಾಗಲು ಜಾಗ ಎಷ್ಟಿದೆ ಎಂದು ಕೇಳಿದವರು ಡಾ. ಬಾರ್ನ್ಸ್.

1920ರ ದಶಕದ ಮುಂಬಯಿ ಗಿರಣಿಗಳಲ್ಲಿ ಸುಮಾರು ಐವರು ಕೆಲಸಗಾರರಲ್ಲಿ ಒಬ್ಬಳು ಹೆಂಗಸು. ಹೆಚ್ಚಿನವರು ನೂಲು ಸುತ್ತುವ, ಲಡಿ ಕಟ್ಟುವ ಖಾತೆಗಳಲ್ಲಿ. ಎಷ್ಟು ಸುತ್ತಿದರೆ ಅಷ್ಟು ಕೂಲಿ. 1920ರ ಮುಷ್ಕರದ ನಂತರ ಮುಂಬಯಿ ಗಿರಣಿಗಳ ದಿನದ ಕೆಲಸ 10 ಗಂಟೆಗೆ ಇಳಿದಿತ್ತು, ಅದು ದೊಡ್ಡ ಗೆಲುವು. ಆದರೆ ಗಿರಣಿಯ 10 ಗಂಟೆಗೆ ಮುಂಚೆ ನೀರು ತುಂಬಬೇಕು, ಒಲೆ ಹೊತ್ತಿಸಿ ರೊಟ್ಟಿ ಬಡಿದು ಗಂಡನಿಗೂ ತನಗೂ ಬುತ್ತಿ ಕಟ್ಟಬೇಕು. ಸಂಜೆ ಬಂದ ಮೇಲೆ ಮತ್ತೆ ಒಲೆ. ಕಾನೂನಿನ ಕಣ್ಣಿನಲ್ಲಿ ರಾತ್ರಿ ಎಂದರೆ ಗಿರಣಿಯ ಬಾಗಿಲು ಅವಳಿಗೆ ಮುಚ್ಚಿರುವ ಹೊತ್ತು. ಆ ಹೊತ್ತಿನಲ್ಲಿ ಅವಳು ಮಲಗಿದಳೋ ಇಲ್ಲವೋ ಕಾನೂನಿಗೆ ಬೇಕಿರಲಿಲ್ಲ. ಮುಂಬಯಿಯ ದುಡಿಯುವ ವರ್ಗದಲ್ಲಿ 97 ಶೇಕಡಾ ಜನ ಒಂದೇ ಕೋಣೆಯ ಮನೆಗಳಲ್ಲಿದ್ದಾರೆ ಎಂದು ರಾಯಲ್ ಲೇಬರ್ ಕಮಿಷನ್ 1931ರಲ್ಲಿ ಬರೆಯಿತು. ಸೆಕೆಗಾಲದಲ್ಲಿ ಗಂಡಸರು ಹೊರಗೆ ಫುಟ್‌ಪಾತಿನ ಮೇಲೆ, ಮಹಡಿಯ ಪಡಸಾಲೆಯಲ್ಲಿ ಹಾಸಿಕೊಳ್ಳಬಹುದಿತ್ತು. ಹೆಂಗಸರಿಗೆ, ಅದರಲ್ಲೂ ದಿನ ತುಂಬಿದವರಿಗೆ, ಒಳಗಿನ ಹೊಗೆಯೇ ಗತಿ.

ಇದರಿಂದ ತಪ್ಪಿಸಿಕೊಳ್ಳುವ ಒಂದು ದಾರಿ ಇತ್ತು. ತವರು. ಕೊಂಕಣದ ಹೆಂಗಸರು ಬೋಟು ಹತ್ತಿ ರತ್ನಾಗಿರಿಯ ಕಡೆಗೆ, ಘಟ್ಟದ ಮೇಲಿನವರು ಸಾತಾರಾ ಕಡೆಗೆ ಹೆರಿಗೆಗೆ ಹೊರಟುಹೋಗುತ್ತಿದ್ದರು. ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮ ತುಳು-ಕನ್ನಡ ಮನೆಗಳಲ್ಲೂ ಇದೇ ರೂಢಿ. ಚೊಚ್ಚಲ ಹೆರಿಗೆ ಊರಲ್ಲೇ ಆಗಬೇಕೆಂಬುದು ಎಷ್ಟೋ ಕಡೆ ಈಗಲೂ ಉಳಿದಿದೆ. ಇದನ್ನು ನಾವು ಶಾಸ್ತ್ರ, ಸಂಪ್ರದಾಯ, ಸೀಮಂತ, ಬಯಕೆ ಎಂದೆಲ್ಲ ಕರೆದು ಹಾಡಿದ್ದೇವೆ. ತೀರಾ ಬರಿಗಣ್ಣಿನಿಂದ ನೋಡಿದರೆ, ಹೆಣ್ಣಿಗೆ ವರ್ಷಗಟ್ಟಲೆ ಬೆಳಗಿನ ಜಾವ ಏಳುವುದರಿಂದ ಬಿಡುಗಡೆ ಸಿಗುತ್ತಿದ್ದದ್ದು ಈ ಮೂರು-ನಾಲ್ಕು ತಿಂಗಳು ಮಾತ್ರ. ಅಮ್ಮನ ಮನೆಯಲ್ಲಿ ಅವಳು ಮಲಗಬಹುದಿತ್ತು.

ಈ ಪ್ರಯಾಣ ಅಂಕಿಅಂಶದಲ್ಲಿ ವಿಚಿತ್ರವಾಗಿ ಕಾಣಿಸಿಕೊಂಡಿತು. 1921ರಲ್ಲಿ ಮುಂಬಯಿಯ ಶಿಶುಮರಣದ ಪ್ರಮಾಣ ಸಾವಿರ ಜನನಕ್ಕೆ 666. ಒಂದು ಕೋಣೆಯ ಮನೆಗಳಲ್ಲಿ ಅದು 828. ಎರಡು ಕೋಣೆಗಳಿದ್ದರೆ 322ಕ್ಕೆ ಇಳಿಯುತ್ತಿತ್ತು. ನಂಬಲಾಗದ ಸಂಖ್ಯೆ ಇದು, ಮತ್ತು ಅಕ್ಷರಶಃ ನಂಬಬೇಕಾಗಿಯೂ ಇಲ್ಲ. ಊರಲ್ಲಿ ಹುಟ್ಟಿದ ಕೂಸಿನ ಜನನ ಮುಂಬಯಿಯ ದಫ್ತರದಲ್ಲಿ ಸೇರುತ್ತಿರಲಿಲ್ಲ. ಕೂಸನ್ನು ಎತ್ತಿಕೊಂಡು ತಾಯಿ ಕೆಲಸಕ್ಕೆ ಮರಳಿದ ಮೇಲೆ ಅದು ಸತ್ತರೆ ಸಾವು ಮಾತ್ರ ಇಲ್ಲಿ ದಾಖಲಾಗುತ್ತಿತ್ತು. ಹುಟ್ಟು ಅಲ್ಲಿ, ಸಾವು ಇಲ್ಲಿ. ಭಾಗಿಸುವ ಸಂಖ್ಯೆ ಕುಗ್ಗಿ, ಪ್ರಮಾಣ ಉಬ್ಬಿತು. ಹೀಗೆ ಉಬ್ಬಿದ ಪಾಲನ್ನು ಕಳೆದರೂ ಉಳಿಯುವುದು ಭಯಾನಕವೇ. ಆಗಿನ ಗಿರಣಿ ಮಾಲೀಕರ ಪರ ವಾದಿಸುವವರಿಗೆ ಇದೊಂದು ಅನುಕೂಲವಾಯಿತು: ಅಂಕಿ ತಪ್ಪು, ಆದ್ದರಿಂದ ಸಮಸ್ಯೆಯೂ ಇಲ್ಲ ಎಂಬಂತೆ.

ಮರಳಿ ಬಂದ ಕೂಸಿಗೆ ಏನಾಗುತ್ತಿತ್ತು ಎಂಬುದು ಡಾ. ಬಾರ್ನ್ಸ್ ವರದಿಯ ಇನ್ನೊಂದು ಸಂಖ್ಯೆಯಲ್ಲಿದೆ. ಗಿರಣಿಯ ಹೆಂಗಸರ ಕೂಸುಗಳಲ್ಲಿ 98 ಶೇಕಡಾಕ್ಕೆ ಅಫೀಮು ಕೊಡಲಾಗುತ್ತಿದೆ ಎಂದು ಅವರು ಬರೆದರು. 'ಬಾಳಗೋಳಿ' ಎಂಬ ಹೆಸರಿನ ಪುಟ್ಟ ಗುಳಿಗೆ. ತಾಯಿ ಗಿರಣಿಯಲ್ಲಿರುವಷ್ಟು ಹೊತ್ತು ಕೂಸು ಮಲಗಿರಬೇಕು. ರಾತ್ರಿ 30 ಜನರ ನಡುವೆ ಅಳಬಾರದು. ಅಫೀಮು ತಿಂದ ಕೂಸಿಗೆ ಹಸಿವು ತಿಳಿಯುವುದಿಲ್ಲ, ಮೊಲೆ ಚೀಪುವುದಿಲ್ಲ, ಸೊರಗುತ್ತದೆ. ಆ ತಾಯಂದಿರನ್ನು ಅಜ್ಞಾನಿಗಳೆಂದು ಜರೆದ ಬರಹಗಳು ಆ ಕಾಲದಲ್ಲಿ ಬಹಳ. ನನಗೆ ಇದರಲ್ಲಿ ಕಾಣುವುದು ನಿದ್ದೆಯ ಲೆಕ್ಕಾಚಾರ. ತಾಯಿಗೆ ನಾಲ್ಕು ಗಂಟೆಯಾದರೂ ನಿದ್ದೆ ಬೇಕು, ಇಲ್ಲದಿದ್ದರೆ ಮರುದಿನ ನೂಲು ಸುತ್ತಲಾಗದು, ಸುತ್ತದಿದ್ದರೆ ಕೂಲಿ ಇಲ್ಲ. ಆ ನಾಲ್ಕು ಗಂಟೆಯ ಬೆಲೆಯನ್ನು ಕೂಸು ಕೊಡುತ್ತಿತ್ತು.

ವರದಿ ಬಂದು ಎರಡು ವರ್ಷಕ್ಕೆ, 1924ರಲ್ಲಿ, ಎನ್. ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ತಂದರು. ಅದು ಬಿದ್ದುಹೋಯಿತು. ಹೆಂಗಸರು ಹೇಗೂ ಊರಿಗೆ ಹೋಗುತ್ತಾರೆ, ಭತ್ಯೆ ಏಕೆ ಎಂಬುದೂ ಆಗ ಕೇಳಿಬಂದ ತಕರಾರುಗಳಲ್ಲೊಂದು. ತವರಿನವರು ಪುಕ್ಕಟೆಯಾಗಿ ಕೊಡುತ್ತಿದ್ದ ವಿಶ್ರಾಂತಿಯನ್ನೇ ತೋರಿಸಿ, ವಿಶ್ರಾಂತಿಯ ಖರ್ಚು ತಮ್ಮದಲ್ಲ ಎನ್ನುವ ವಾದ. ಎಷ್ಟು ಜಾಣತನ!

ನಾಲ್ಕು ವರ್ಷಗಳ ಮೇಲೆ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮತ್ತೊಂದು ಮಸೂದೆ ಮಂಡನೆಯಾಯಿತು. 1928ರ ಜುಲೈ 28ರಂದು ಅದನ್ನು ಬೆಂಬಲಿಸಿ ಮಾತನಾಡಿದವರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಒಬ್ಬರು. ಆಗ ಅವರು ಪರಿಷತ್ತಿನ ನಾಮನಿರ್ದೇಶಿತ ಸದಸ್ಯ. ಪರೇಲಿನ ದಾಮೋದರ ಹಾಲ್ ಬಳಿ ಕಚೇರಿ, ಕೆಲ ವರ್ಷ ಅದೇ ಪರೇಲಿನ ಚಾಳಿನಲ್ಲಿ ವಾಸವಿದ್ದವರು. ಒಂದು ಕೋಣೆಯ ಸಂಸಾರ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿಗೆ ಇಷ್ಟು ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೆ ಸೇರಿದ್ದು, ಮಸೂದೆಯ ತಿರುಳೇ ಅದು ಎಂದು ಅವರು ವಾದಿಸಿದರು. ದೇಶದ ಹಿತವಾದ್ದರಿಂದ ಹೊರೆಯನ್ನು ಬಹುಮಟ್ಟಿಗೆ ಸರಕಾರವೇ ಹೊರಬೇಕು ಎಂದು ಒಪ್ಪಿಕೊಂಡರು. ಆದರೆ ಮಾಲೀಕ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ತನಗೆ ಲಾಭವಿದೆ ಎಂದೇ. ಹಾಗಿರುವಾಗ ಅವನೂ ತನ್ನ ಪಾಲು ತೆರಬೇಕು. 'ಮುಂಚೆಯೂ' ಎಂಬ ಪದ ಇಲ್ಲಿ ಮುಖ್ಯ. ಬಾಣಂತನದ ಮರ್ಯಾದೆ ನಮ್ಮ ಸಮಾಜಕ್ಕೆ ಹೊಸದಲ್ಲ, ಎಣ್ಣೆ-ನೀರು ಎಲ್ಲವೂ ಆಮೇಲಿನದ್ದು. ಇನ್ನೂ ಹೊಟ್ಟೆಯಲ್ಲಿರುವಾಗಿನ ವಿಶ್ರಾಂತಿಯನ್ನು ಹಣ ತೆತ್ತು ಕಾಯಬೇಕಾದ ವಸ್ತುವೆಂದು ಶಾಸನಸಭೆಯಲ್ಲಿ ಹೇಳಿದ್ದು ಹೊಸದು.

1929ರಲ್ಲಿ ಮಸೂದೆ ಕಾಯಿದೆಯಾಯಿತು. ದೇಶದಲ್ಲೇ ಮೊದಲನೆಯದು. ದಿನಕ್ಕೆ 8 ಆಣೆ, ಹೆರಿಗೆಯ ಹಿಂದೆ ಮುಂದೆ ಕೆಲವೇ ವಾರ. ಮಧ್ಯಪ್ರಾಂತ 1930ರಲ್ಲಿ, ಮದರಾಸು ಅದರ ನಂತರ, ಮೈಸೂರು ಸಂಸ್ಥಾನ 1937ರಲ್ಲಿ ಇದೇ ದಾರಿ ಹಿಡಿದವು. ಬಸಿರಿನ 40 ವಾರಗಳಲ್ಲಿ ಈ ಕಾಯಿದೆಗಳು ಮುಟ್ಟಿದ್ದು ಕೊನೆಯ ನಾಲ್ಕಾರು ವಾರಗಳನ್ನು. ಅಷ್ಟಾದರೂ ಮುಟ್ಟಿದವು.

ಮಾಲೀಕರು ಪಾಲು ತೆರುವ ಬದಲು ಇನ್ನೊಂದು ದಾರಿ ಕಂಡುಕೊಂಡರು. ಬಸುರಿಯಾಗುವ ವಯಸ್ಸಿನ ಹೆಂಗಸರನ್ನು ಸೇರಿಸಿಕೊಳ್ಳದಿರುವುದು, ವಿಧವೆಯರನ್ನೂ ವಯಸ್ಸಾದವರನ್ನೂ ಇಟ್ಟುಕೊಳ್ಳುವುದು. ಸುತ್ತುವ ಖಾತೆಗಳಿಗೆ ಹೊಸ ಯಂತ್ರಗಳು ಬಂದವು, ಎರಡನೇ ಮೂರನೇ ಪಾಳಿಗಳು ಶುರುವಾದವು. ರಾತ್ರಿ ಪಾಳಿಗೆ ಹೆಂಗಸರು ಬರುವಂತಿಲ್ಲ ಎಂಬ ಕಾನೂನೇ ಅವರನ್ನು ಬಿಡಲು ಕಾರಣವಾಯಿತು. ಗಿರಣಿಗಳಲ್ಲಿ ಹೆಂಗಸರ ಪಾಲು ಇಳಿಯುತ್ತ ಹೋಗಿ ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಎಂಬಂತಾಯಿತು. ರಾಧಾ ಕುಮಾರ್ ಅವರಂಥ ಇತಿಹಾಸಕಾರರು ಈ ಹೊರದೂಡುವಿಕೆಯನ್ನು ವಿವರವಾಗಿ ಬರೆದಿದ್ದಾರೆ. ಕಾಯಿದೆಯೊಂದೇ ಕಾರಣ ಎಂದರೆ ಅದು ಮಾಲೀಕರ ಮಾತನ್ನೇ ಆಡಿದಂತಾಗುತ್ತದೆ. ಕಾಯಿದೆ ಅವರಿಗೆ ನೆಪವಾಗಿ ಒದಗಿತು ಎನ್ನಬಹುದು.

ಹೊರಬಿದ್ದ ಹೆಂಗಸರು ಏನು ಮಾಡಿದರು? ಹಲವರು ಖಾನಾವಳಿ ನಡೆಸಿದರು. ಉತ್ತರ ಕರ್ನಾಟಕದವರಿಗೆ ಖಾನಾವಳಿ ಎಂದರೆ ರಸ್ತೆಬದಿಯ ಊಟದ ಅಂಗಡಿ. ಮುಂಬಯಿಯ ಗಿರಣಗಾಂವ್‌ನಲ್ಲಿ ಅದು ಅದೇ ಒಂದು ಖೋಲಿ, ಅದೇ ಒಲೆ. ಸಂಸಾರವನ್ನು ಊರಲ್ಲಿ ಬಿಟ್ಟು ಬಂದ ಹತ್ತು ಹದಿನೈದು ಗಂಡಸರಿಗೆ ಎರಡು ಹೊತ್ತು ಊಟ, ಲೆಕ್ಕ ತಿಂಗಳ ಕೊನೆಗೆ. ಆ ಗಂಡಸರು ಮೂರು ಪಾಳಿಗಳಲ್ಲಿ ದುಡಿಯುತ್ತಿದ್ದರು. ಬೆಳಗಿನ ಪಾಳಿಯವನಿಗೆ ಏಳು ಗಂಟೆಗೆ ಮುಂಚೆ ಡಬ್ಬಿ ಕೈಗೆ ಸಿಗಬೇಕು. ಎರಡನೇ ಪಾಳಿಯವನು ಮಧ್ಯರಾತ್ರಿಗೆ ಬಂದು ತಟ್ಟೆಯ ಮುಂದೆ ಕೂರುತ್ತಾನೆ. ಗಿರಣಿಯೊಳಗೆ ಹೆಂಗಸು ರಾತ್ರಿ ದುಡಿಯಬಾರದೆಂದು ಕಾನೂನು ಹೇಳಿತ್ತು. ಗಿರಣಿಯ ಮೂರೂ ಪಾಳಿಗಳನ್ನು ಒಲೆಯ ಮುಂದೆ ಕೂತು ದುಡಿದವಳು ಯಾವ ಮಸ್ಟರಿನಲ್ಲೂ ಇರಲಿಲ್ಲ. ಅವಳು ಬಸುರಿಯಾದರೆ 8 ಆಣೆಯನ್ನು ಯಾರಿಂದ ಕೇಳಬೇಕು? 1975ರಲ್ಲಿ ಪ್ರೇಮಾ ಪುರವ್ ಈ ಹೆಂಗಸರನ್ನು ಒಟ್ಟುಗೂಡಿಸಿ ದಾದರಿನಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು, ಬ್ಯಾಂಕುಗಳಿಂದ ಸಾಲ ಕೊಡಿಸಿದರು. ಬಡ್ಡಿಯವನ ಕಾಟ ತಪ್ಪಿತು. 1982ರ ಜನವರಿಯಲ್ಲಿ ಶುರುವಾದ ದೊಡ್ಡ ಮುಷ್ಕರದ ನಂತರ ಗಿರಣಿಗಳೇ ಒಂದೊಂದಾಗಿ ಮುಚ್ಚಿ, ಉಣ್ಣುವವರು ಚದುರಿದರು.

ಮುಂಬಯಿಯ ನಿದ್ದೆ ಆಮೇಲೆ ಉಪನಗರಗಳಿಗೆ ಹೋಯಿತು. ಬೋರಿವಲಿ, ವಸಯಿ, ವಿರಾರ್, ಆಚೆ ಡೊಂಬಿವಲಿ, ಕಲ್ಯಾಣ್. ಮೂವತ್ತು ಜನರ ಕೋಣೆಯ ಬದಲು ಐದಾರು ಜನರ ಫ್ಲ್ಯಾಟು ಅಥವಾ ಝೋಪಡಿ, ಕಳೆದುಕೊಂಡದ್ದು ದೂರದಲ್ಲಿ. 1992ರ ಮೇ 5ರಂದು ಪಶ್ಚಿಮ ರೈಲ್ವೆ ಚರ್ಚ್‌ಗೇಟ್ ಮತ್ತು ಬೋರಿವಲಿ ನಡುವೆ ಹೆಂಗಸರಿಗಾಗಿಯೇ ಒಂದು ಲೋಕಲ್ ಬಿಟ್ಟಿತು. ಹೆಂಗಸರ ಡಬ್ಬಿಯಲ್ಲಿ ಪಯಣಿಸಿದವರು ಕಂಡಿರುತ್ತಾರೆ: ಸೊಪ್ಪು ಬಿಡಿಸುವವರು, ಭಜನೆ ಹೇಳುವವರು, ಮತ್ತು ತಲೆಯನ್ನು ಕಂಬಿಗೆ ಆನಿಸಿ ಕಣ್ಣುಮುಚ್ಚಿದ ಹೊಟ್ಟೆ ಬಂದ ಹುಡುಗಿಯರು, ಅವರಿಗೆ ಸೀಟು ಬಿಟ್ಟುಕೊಟ್ಟು ನಿಂತ ಅಕ್ಕಂದಿರು.

ಇದೇ ಊರಿನ ಝೋಪಡಿಗಳಲ್ಲಿ 2006ರಿಂದ ನಡೆದ ಒಂದು ಅಧ್ಯಯನವನ್ನು ಇಲ್ಲಿ ಹೇಳಬೇಕು. ಡಾ. ರಮೇಶ್ ಪೋತದಾರ್ ಮತ್ತು ಸಂಗಡಿಗರು ಬಾಂದ್ರಾದ ಸಂಸ್ಥೆಯೊಂದರ ಮೂಲಕ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಜೊತೆ ಸೇರಿ, 6,500ಕ್ಕೂ ಹೆಚ್ಚು ಹೆಂಗಸರಿಗೆ ಬಸಿರಿಗೆ ಮುಂಚಿನಿಂದಲೇ ದಿನಾ ಒಂದು ತಿಂಡಿ ಕೊಟ್ಟು ನೋಡಿದರು. ಒಂದು ಗುಂಪಿನದು ಸೊಪ್ಪು, ಹಣ್ಣು, ಹಾಲು ಸೇರಿದ ತಿಂಡಿ. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಕೂಸಿನ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬಸುರಿಯಾಗುವ ಮೂರು ತಿಂಗಳ ಮೊದಲಿಂದಲೂ ತಿಂದವರ ಕೂಸುಗಳಲ್ಲಿ ಸರಾಸರಿ 48 ಗ್ರಾಂ ಹೆಚ್ಚು. ಹೆರಿಗೆಯ ಕೊನೆಯ ವಾರಗಳಲ್ಲಿ ಕೊಡುವ ಯಾವ ಭತ್ಯೆಯೂ ಅಷ್ಟು ಹಿಂದಕ್ಕೆ ಮುಟ್ಟಲಾರದು.

1929ರ ಮುಂಬಯಿ ಕಾಯಿದೆಯ ಜಾಗಕ್ಕೆ 1961ರಲ್ಲಿ ದೇಶಕ್ಕೆಲ್ಲ ಒಂದು ಕಾಯಿದೆ ಬಂತು, 12 ವಾರ ರಜೆ. 2017ರಲ್ಲಿ ಅದು 26 ವಾರವಾಯಿತು, ಅದರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು 8. ಮಸ್ಟರಿನಲ್ಲಿ ಹೆಸರಿರುವವರಿಗೆ ಇದು ದೊಡ್ಡದೇ. ಅಂಧೇರಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ ನಾಲ್ವರು ಮಾಲೀಕರು, ಆದ್ದರಿಂದ ಒಬ್ಬರೂ ಇಲ್ಲ.

ರಾತ್ರಿಯ ಕಾನೂನೂ ಬದಲಾಗಿದೆ. 1948ರ ಫ್ಯಾಕ್ಟರಿ ಕಾಯಿದೆ ಹೆಂಗಸರ ಕೆಲಸವನ್ನು ಬೆಳಗ್ಗೆ 6ರಿಂದ ಸಂಜೆ 7ರ ಒಳಗೆ ಇಟ್ಟಿತ್ತು. 2020ರ ಕಾರ್ಮಿಕ ಸಂಹಿತೆ, ಸುರಕ್ಷತೆಯ ಏರ್ಪಾಡು ಮಾಡಿ, ಅವಳ ಒಪ್ಪಿಗೆ ಪಡೆದು ಈ ಗೆರೆಯ ಆಚೆಗೂ ಕೆಲಸ ಕೊಡಬಹುದು ಎನ್ನುತ್ತದೆ. ಹೆಣ್ಣೆಂಬ ಕಾರಣಕ್ಕೆ ಪಾಳಿ ತಪ್ಪಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ಹಳೆಯ ನಿಷೇಧ ಅವಳನ್ನು ಗಿರಣಿಯಿಂದ ಒಲೆಗೆ ತಳ್ಳಿದ್ದನ್ನು ನೋಡಿದ್ದೇವೆ. ಆದರೆ ಬಸಿರು ಇನ್ನೂ ಯಾರ ಕಣ್ಣಿಗೂ ಕಾಣದ ಮೂರನೇ ತಿಂಗಳಲ್ಲಿ, ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಕೊಡುವ ಒಪ್ಪಿಗೆಯ ತೂಕ ಎಷ್ಟು ಎಂಬುದು ಇನ್ನು ಕಾರ್ಮಿಕ ಕಚೇರಿಗಳು ಉತ್ತರಿಸಬೇಕಾದ ಪ್ರಶ್ನೆ.

ಡಾ. ಬಾರ್ನ್ಸ್ ತಿರುಗಾಡಿದ ವರ್ಷಗಳಲ್ಲೇ ಸರಕಾರ ವರ್ಲಿ, ನಾಯಗಾಂವ್, ಶಿವಡಿ ಮತ್ತು ಡಿಲೈಲ್ ರೋಡಿನಲ್ಲಿ ಬಿಡಿಡಿ ಚಾಳುಗಳನ್ನು ಕಟ್ಟಿಸಿತು. 207 ಕಟ್ಟಡ, ಒಂದೊಂದರಲ್ಲಿ 80 ಖೋಲಿ, ಖೋಲಿಗೆ 160 ಚದರಡಿ. ಆರು ಒಲೆಗಳ ಆ ಕೋಣೆಗಿಂತಲೂ ತುಸು ಚಿಕ್ಕದು. ನೂರು ವರ್ಷದ ಮೇಲೆ ಈಗ ಅವನ್ನು ಕೆಡವಿ ಗೋಪುರ ಕಟ್ಟುತ್ತಿದ್ದಾರೆ. ಹೊಸ ಮನೆ 500 ಚದರಡಿ, ಮಲಗುವ ಕೋಣೆ ಬೇರೆ. ವರ್ಲಿಯಲ್ಲಿ ಮೊದಲ ಕಂತಿನ ಬೀಗದ ಕೈಗಳನ್ನು 2025ರ ಆಗಸ್ಟ್‌ನಲ್ಲಿ ಕೊಟ್ಟರು. ಡಿಲೈಲ್ ರೋಡಿಗೆ ಈಗಿನ ಹೆಸರು ಎನ್. ಎಂ. ಜೋಶಿ ಮಾರ್ಗ.